ಎರೆ ಹೊಲದಾಗ ಬೆಂಕಿ ಮ್ಯಾಲ ಬೋಗಾಣಿ ತೂಗಹಾಕೂ ಮೂರುಕಾಲಿನ ಸ್ಟ್ಯಾಂಡ್ ಹ್ಯಾಂಗ ನಿಲ್ಲಸೂದು?

ಎರೆಹೊಲ (ಚಿಂಚೋಳಿ)

ಎಲ್ಲಾರಿಗೂ ಶರಣ್ರಿ. ಎಳ್ಳ ಅಮಾಸಿಗಿ 15 ಮಂದಿ ಹೊಲಕ್ಕ ಹೋಗೂದದ. ರೊಟ್ಟಿ, ಭಜ್ಜಿ (ಕಾಳು-ಕಾಯಿಪಲ್ಯೆ ಕೂಡಿಸಿ ಮಾಡೂ ಗಟ್ಟಿ ಪಲ್ಯೆ), ಹೋಳಿಗಿ, ಅಂಬಲಿ ಮನ್ಯಾಗೇ ಮಾಡಿ ಕಟಗೊಂಡು ಒಯ್ತೀವಿ. ಅನ್ನ, ತೊಗರಿಬ್ಯಾಳಿ ಸಾರು, ಚಹಾ ಇಷ್ಟು ಮಾತ್ರ ಅಲ್ಲೇ ಬಿಸಿಬಿಸಿ ಮಾಡಬೇಕಂತ ವಿಚಾರ. ಗ್ಯಾಸ್ ಒಯ್ಯೂದಿಲ್ಲ. ಮೂರು ಕಾಲಿನ ಟ್ರೈಪಾಡ್ ನಿಲ್ಲಸಿ, ನಡುವ ಸರಪಳಿ ಬಿಟ್ಟು, 10 ಲೀಟರಿನ ಬೋಗಾಣಿ ತೂಗಹಾಕಬೇಕು.

ಹೊಲ ಪೂರಾ ಎರೆ (ಕರಿ ಮಣ್ಣು). ಈಗ ಒಣಗಿ ಬಿರುಕು ಬಿಟ್ಟದ, ಕೆಲವು ಬಿರುಕಿನ್ಯಾಗ ಅಂಗೈ ಹೋಗ್ತದ. ಬಾಜೂಕ ತೊಗರಿ ಒಣಗಿ ನಿಂತದ.

ಕೇಳೂದೇನಂದ್ರ: ಕಬ್ಬಿಣದ ಸರಳು ಛಲೋನೋ, ಕಟಗಿ ಗಳ ಸಾಕೋ? ಎಷ್ಟು ದಪ್ಪ, ಎಷ್ಟು ಉದ್ದ? ಕಾಲು ಎಷ್ಟು ಅಗಲ ಇಡಬೇಕು? ಬೋಗಾಣಿಗಿ ಹಿಡಿಕಿ ಇಲ್ಲ, ಅದನ್ನ ಹ್ಯಾಂಗ ತೂಗಹಾಕೂದು? ಗೊತ್ತಿದ್ದವರು ಅಳತಿ ಸಮೇತ ಹೇಳ್ರಿ.


ಬೆಸುಗೆಬೀದರ್

ಕಬ್ಬಿಣದ್ದೇ ಮಾಡಸ್ರಿ. ಒಮ್ಮೆ ಮಾಡಸಿದ್ರ ಹತ್ತಾರು ವರ್ಷ ಬರ್ತದ. ವೆಲ್ಡಿಂಗ್ ಅಂಗಡ್ಯಾಗ ಅರ್ಧ ದಿನದ ಕೆಲಸ.

ಸರಳು 12 ಮಿ.ಮೀ. ತಗೋರಿ. 10 ಮಿ.ಮೀ. ಸಹ 10–12 ಕೆಜಿ ಭಾರ ಹೊರ್ತದ, ಆದ್ರ ಅಷ್ಟು ಉದ್ದದಾಗ ಬಳಕ್ತದ, ಪಾತ್ರೆ ತೂಗಾಡಲಿಕ್ಕೆ ಚಾಲೂ ಆದ್ರ ನಿಲ್ಲೂದಿಲ್ಲ. 12ರ ಸರಳು ಮೀಟರಿಗೆ 0.89 ಕೆಜಿ ತೂಕ. ಒಂದೊಂದು ಕಾಲಿಗೆ 1.75 ಮೀಟರ್ ಕತ್ತರಸ್ರಿ, ಮೂರಕ್ಕ 5.25 ಮೀಟರ್, ಒಟ್ಟು ಹತ್ತಹತ್ತರ 4.7 ಕೆಜಿ. ಒಬ್ಬರು ಹೆಗಲ ಮ್ಯಾಲ ಇಟ್ಟು ಒಯ್ಯಬಹುದು.

ಈ 1.75 ಮೀಟರಿನ ಹಿಸಾಬು ಹಿಂಗದ. ಮ್ಯಾಲಿನ ತುದಿ ಬಗ್ಗಿಸಿ ಕಣ್ಣು (ದುಂಡಗಿನ ಕುಣಿಕಿ) ಮಾಡಲಿಕ್ಕೆ 16 ಸೆಂ.ಮೀ. ಹೋಗ್ತದ. ಕೆಳಗ 10 ಸೆಂ.ಮೀ. ನೆಲದಾಗ ಇಳೀತದ. ಉಳಿದದ್ದು ನೆಲದ ಮ್ಯಾಲ ಸುಮಾರು 1.5 ಮೀಟರ್. ಕಣ್ಣಿನ ಒಳಗಿನ ವ್ಯಾಸ 40 ಮಿ.ಮೀ. ಇರಲಿ. ಮನಿ ಕಟ್ಟೂ ಗೆರಿ ಸರಳನ್ನ ಇದಕಿಂತ ಸಣ್ಣಾಗಿ ತಣ್ಣಗಿದ್ದಾಗ ಬಗ್ಗಿಸಿದ್ರ ಬಾಗಿನ ಹೊರಗ ಸೀಳು ಬೀಳ್ತದ, ಒಮ್ಮೊಮ್ಮೆ ಕಣ್ಣಿಗಿ ಕಾಣೂದೇ ಇಲ್ಲ. ಗೆರಿ ಇಲ್ಲದ ಸಾದಾ ದುಂಡ ಸರಳು ಸಿಕ್ಕರ ಅದೇ ಛಲೋ, ಮೆತ್ತಗದ, ಸಲೀಸಾಗಿ ಬಾಗ್ತದ. ಕಣ್ಣಿನ ತುದಿ ಸರಳಿಗೆ ಮುಟ್ಟೂ ಕಡೆ ಒಂದು ಟಾಕಿ ವೆಲ್ಡಿಂಗ್ ಹಾಕಸ್ರಿ, ಇಲ್ಲಾಂದ್ರ ಭಾರಕ್ಕ ಬಾಯಿ ಬಿಡ್ತದ.

ಮೂರೂ ಕಣ್ಣಿನ್ಯಾಗ ಒಂದು ಡಿ ಶ್ಯಾಕಲ್ (ಬೋಲ್ಟಿಲೆ ಬಾಯಿ ಮುಚ್ಚೂ ಕಬ್ಬಿಣದ ಕೊಂಡಿ) ಹಾಯಿಸಿ ಬೋಲ್ಟ್ ಬಿಗೀರಿ. ಕಣ್ಣು ಒಂದರ ಬಾಜೂಕ ಒಂದು ಕುಂದ್ರಬೇಕು, ಅದಕ್ಕ ಶ್ಯಾಕಲ್ಲಿನ ಬಾಯಿ ಕಮ್ಮೀತಕಮ್ಮಿ 40 ಮಿ.ಮೀ. ಅಗಲ ಇರಬೇಕು. ಅದೇ ಶ್ಯಾಕಲ್ಲಿಗೆ ಸರಪಳಿನೂ ಹಾಕಬಹುದು. ಅಷ್ಟು ದೊಡ್ಡ ಶ್ಯಾಕಲ್ ಸಿಗಲಿಲ್ಲಂದ್ರ ಅದೇ ಸರಳಿಂದ ಒಂದು ಬಳಿ ಮಾಡಿಸಿ, ಮೂರೂ ಕಣ್ಣು ಅದರಾಗ ಹಾಕಿದ ಮ್ಯಾಲ ಬಳಿ ಬಾಯಿ ವೆಲ್ಡ್ ಮಾಡಸ್ರಿ. ಬಿಚ್ಚಲಿಕ್ಕೆ ಬರೂದಿಲ್ಲ, ಆದ್ರ ಮಡಚಿ ಇಡಬಹುದು.

ಈಗ ಮುಖ್ಯ ಮಾತು ಎರೆ ಹೊಲದ್ದು. ಬರೇ ಚೂಪು ಮಾಡಿದ ಸರಳು ಎರ್‍ಯಾಗ ಎರಡು ಥರ ಕೆಡ್ತದ. ಮ್ಯಾಲ ಒಣಗಿ ಹೆಂಟಿ ಆಗಿದ್ರ ತುದಿ ಹೆಂಟಿ ಒಡದು ಬಾಜೂಕ ಜಾರ್ತದ. ಒಳಗ ಹಸಿ ಇದ್ರ ಭಾರ ಬಿದ್ದಂಗ ಒಂದೇ ಕಾಲು ಇಳಕೋತ ಹೋಗ್ತದ, ಸ್ಟ್ಯಾಂಡ್ ಒಂದು ಕಡೆ ವಾಲ್ತದ. ಎರಡಕ್ಕೂ ಒಂದೇ ಔಷಧ: ಚೂಪು ತುದಿಯಿಂದ 10 ಸೆಂ.ಮೀ. ಮ್ಯಾಲ 75×75 ಮಿ.ಮೀ.ದು, 5 ಮಿ.ಮೀ. ದಪ್ಪದ ತಗಡು ವೆಲ್ಡ್ ಮಾಡಸ್ರಿ. ನಡುವ ತೂತು ಹಾಕಿ ಸರಳು ಹಾಯಿಸಿ ಬೆಸೀಬೇಕು. ತುದಿ ಮಣ್ಣು ಕಚ್ಚತದ, ತಗಡು ಇನ್ನ ಇಳೀಗೊಡೂದಿಲ್ಲ. ತಗಡು ಸರಳಿಗೆ ನೆಟ್ಟಗ ಬ್ಯಾಡ. ಸರಳು ವಾಲಿ ನಿಂದ್ರತದಲ್ಲ, ಹಂಗ ನಿಂತಾಗ ತಗಡು ನೆಲಕ್ಕ ಸಪಾಟ ಕುಂದ್ರೂ ಹಂಗ 22–23 ಡಿಗ್ರಿ ಓರೆ ಇಟ್ಟು ಬೆಸೀಬೇಕು. ವೆಲ್ಡಿಂಗ್ ಮಾಡೂರಿಗೆ ಇದನ್ನ ಮೊದಲೇ ಹೇಳ್ರಿ, ಹೇಳಲಿಲ್ಲಂದ್ರ ನೆಟ್ಟಗೇ ಬೆಸದು ಕೊಡ್ತಾರ.

ಕಾಲಿಂದ ಕಾಲಿಗೆ ಅಂತರ 1 ಮೀಟರ್. ಹಂಗ ಇಟ್ಟರ ತಲಿ ನೆಲದಿಂದ 1.38 ಮೀಟರ್ ಎತ್ತರದಾಗ ನಿಂದ್ರತದ. ಒಬ್ಬರು ಒಂದು ಕಾಲು ಹಿಡಿದು ಸುಮ್ಮನ ಅಂದಾಜಲೆ ಎಳೀಬಾರದು. 1 ಮೀಟರಿನ ಒಂದು ಹಗ್ಗ ಅಥವಾ ಕೋಲು ಇಟ್ಟುಕೊಂಡು ಮೂರೂ ಕಡೆ ಅಳೀರಿ. 60 ಸೆಂ.ಮೀ.ಗೆ ಕೂಡಸಿದ್ರ ಪಾತ್ರೆ ಬಾಯಿ ಇರೂ ಮಟ್ಟದಾಗ ಕಾಲಿಗೂ ಪಾತ್ರೆಗೂ ನಾಲ್ಕು ಬೆರಳಷ್ಟು ಸಂದಿ ಸೈತ ಉಳಿಯೂದಿಲ್ಲ, ಸ್ವಲ್ಪ ತೂಗಿದ್ರೂ ಸರಳಿಗೆ ಬಡೀತದ. 1.5 ಮೀಟರಿಗೆ ಅಗಲಿಸಿದ್ರ ಕಾಲು ಹೊರಗ ಜಾರೂ ಜೋರು ಸುಮಾರು ಒಂದುಮುಕ್ಕಾಲು ಪಟ್ಟು ಆಗ್ತದ, ತಲಿನೂ ಕೆಳಗ ಬರ್ತದ.

ಸರಪಳಿ: ದನ ಕಟ್ಟೂ ವೆಲ್ಡ್ ಕಡಿಯ ಸರಪಳಿ, 5–6 ಮಿ.ಮೀ., ಒಂದು ಮೀಟರ್ ಸಾಕು. ನಾಯಿ ಸರಪಳಿ ಬ್ಯಾಡ. ಅದರ ಕಡಿ ಬರೇ ತಿರುವಿದ ತಂತಿ ಇರ್ತದ, ಕೆಂಪಗ ಕಾದ್ರ ಬಾಯಿ ಬಿಡ್ತದ. ಬೆಳ್ಳಗ ಹೊಳಿಯೂ ಸತುವಿನ ಲೇಪದ ಸರಪಳಿ, ಅದೇ ಲೇಪದ ಜಿಐ ಪೈಪು, ಜಿಐ ಬಕೀಟು ಇವು ಬೆಂಕಿ ಹಂತ್ಯಾಕ ಬರಬಾರದು. ಸತುವು 420 ಡಿಗ್ರಿಗೇ ಕರಗ್ತದ, ಇನ್ನ ಕಾದ್ರ ಬಿಳೇ ಹೊಗಿ ಬಿಡ್ತದ, ಆ ಹೊಗಿ ಕುಡಿದ್ರ ಚಳಿಜ್ವರ ಬರ್ತದ. ಕಟಗಿ ಬೆಂಕಿ ಅಷ್ಟು ಬಿಸಿ ಸಲೀಸಾಗಿ ಮುಟ್ಟತದ. ಕರಿ ಕಬ್ಬಿಣನೇ ಇರಲಿ, ಪೇಂಟ್ ಬ್ಯಾಡ. ಮೊದಲ ಸಲ ಖಾಲಿ ಸ್ಟ್ಯಾಂಡ್ ಕೆಳಗ ಅರ್ಧ ತಾಸು ಬೆಂಕಿ ಹಾಕಿ ಎಣ್ಣಿ-ಕೊಳಿ ಸುಟ್ಟು, ಬಿಸಿ ಇದ್ದಾಗೇ ಕುಸಬಿ ಎಣ್ಣಿ ಬಟ್ಟಿಲೆ ಒರೆಸ್ರಿ. ತುಕ್ಕು ಹಿಡಿಯೂದಿಲ್ಲ.

ಇನ್ನ ಹಿಡಿಕಿ ಇಲ್ಲದ ಬೋಗಾಣಿ. ಮನ್ಯಾಗ ನೆಲುವು ನೋಡಿರಿ, ಹಾಲು-ಮೊಸರಿನ ಗಡಗಿ ಇಡೂದು? ಅದೇ ರೀತಿ ಕಬ್ಬಿಣದ ನೆಲುವು ಮಾಡ್ರಿ. 6 ಮಿ.ಮೀ. ಸಳಿಲೆ ಒಂದು ಬಳಿ, ಬೋಗಾಣಿ ಹೊಟ್ಟಿ ಅದರಾಗ ಇಳೀಬೇಕು, ಹೊರಗ ಮಡಚಿದ ಕಂಠ ಬಳಿ ಮ್ಯಾಲ ಕುಂದ್ರಬೇಕು. ಬಳಿಗಿ ಸಮಾ ಅಂತರದಾಗ ಮೂರು ಕೊಂಡಿ, ಮೂರು ಸಣ್ಣ ಸರಪಳಿ, ಒಂದೊಂದು 50 ಸೆಂ.ಮೀ., ಮ್ಯಾಲ ಒಂದೇ ಕೊಕ್ಕಿಗೆ ಕೂಡಸ್ರಿ. ಇದಕಿಂತ ಗಿಡ್ಡ ಮಾಡಿದ್ರ ಮುಚ್ಚಳ ತಗೀಲಿಕ್ಕೆ ಆಗೂದಿಲ್ಲ. ಮೂರಕ್ಕ ಎರಡೇ ಸರಪಳಿ ಹಾಕಿ ಕೆಲಸ ಮುಗಸಬ್ಯಾಡ್ರಿ. ಎರಡರ ಮ್ಯಾಲ ತೂಗಿದ ಪಾತ್ರೆ ಸೌಟು ತಾಗಿದ್ರ ಸಾಕು, ಮಗಚತದ. ಕಂಠ ಹೊರಗ ಮಡಚಿರದ ನೆಟ್ಟಗಿನ ಡಬರಿ ಇದ್ರ ಈ ಬಳಿ ನಡಿಯೂದಿಲ್ಲ, ತಳದಾಗ ಎರಡು ಅಡ್ಡಪಟ್ಟಿ ಬೇಕಾಗ್ತದ.


ಹಗ್ಗಗಂಟು (ಯಾದಗಿರಿ)

ಮೇಲಿನವರು ಕಬ್ಬಿಣದ್ದು ಪೂರ್ತಿ ಹೇಳಿದ್ದಾರೆ. ಕಟ್ಟಿಗೆಯದರ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಒಂದೇ ದಿನದ ಕೆಲಸಕ್ಕೆ ಎಲ್ಲರೂ ವೆಲ್ಡಿಂಗ್ ಅಂಗಡಿಗೆ ಹೋಗಲಾರರು.

ಗಳ 2 ಮೀಟರ್ ಉದ್ದ, ಬುಡದಲ್ಲಿ 5 ಸೆಂ.ಮೀ. ದಪ್ಪ. ಕಬ್ಬಿಣಕ್ಕಿಂತ ಉದ್ದ ಏಕೆ ಬೇಕೆಂದರೆ, ಮೂರು ಕಾಲುಗಳೂ ಮೇಲೆ ಹೋದಂತೆ ಬೆಂಕಿಯ ನೆತ್ತಿಗೇ ಬರುತ್ತವೆ. ಸುಡುವುದು ಬುಡವಲ್ಲ, ಕುತ್ತಿಗೆ. ಕಾಲುಗಳ ಅಂತರ 1.3 ಮೀಟರ್ ಇಟ್ಟು, ತುದಿಯಿಂದ 25 ಸೆಂ.ಮೀ. ಕೆಳಗೆ ಕಟ್ಟಿದರೆ ಗಂಟು ನೆಲದಿಂದ ಐದಡಿ ಮೇಲಿರುತ್ತದೆ. ಉರಿ ಎರಡಡಿ ದಾಟದಂತೆ ನೋಡಿಕೊಂಡರೆ ಗಂಟಿಗೆ ಅಪಾಯವಿಲ್ಲ.

ಮರ ಹಸಿಯಾಗಿರಲಿ. ಬೇವು ಸಿಕ್ಕರೆ ಒಳ್ಳೆಯದು. ಬಳ್ಳಾರಿ ಜಾಲಿ ಗಟ್ಟಿ, ಆದರೆ ನೆಟ್ಟಗಿನ ಎರಡು ಮೀಟರ್ ಸಿಗುವುದು ಕಷ್ಟ, ಮುಳ್ಳು ಸವರುವುದೇ ಒಂದು ಕೆಲಸ. ಬಿದಿರು ತರುವುದಾದರೆ ಪ್ರತಿ ಗೆಣ್ಣಿನ ಮಧ್ಯದ ಪೊಳ್ಳಿಗೂ ಒಂದೊಂದು ಸಣ್ಣ ತೂತು ಕೊರೆಯಿರಿ. ಒಳಗೆ ಸಿಕ್ಕ ಗಾಳಿ, ಹಸಿ ಬಿದಿರಾದರೆ ನೀರಾವಿ ಕೂಡ, ಹೊರಗೆ ದಾರಿ ಕಾಣದೆ ಬಿದಿರನ್ನೇ ಸೀಳುತ್ತದೆ, ಪಟಾಕಿಯಂತೆ ಸಿಡಿಯುತ್ತದೆ. ಕಣಗಿಲೆ, ಎಕ್ಕೆ, ಕಳ್ಳಿ ಈ ಮೂರನ್ನು ಗಳಕ್ಕೂ ಮುಟ್ಟಬೇಡಿ, ಉರುವಲಿಗೂ ಹಾಕಬೇಡಿ, ಸೌಟಿನ ಬದಲು ಕಲಕುವುದಕ್ಕಂತೂ ಬೇಡವೇ ಬೇಡ. ಕಣಗಿಲೆಯ ಎಲ್ಲ ಭಾಗವೂ ವಿಷ, ಉಳಿದೆರಡರ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು.

ಹಗ್ಗ ಪುಂಡಿ ನಾರಿನದು ಅಥವಾ ಸಣಬಿನದು, 6–8 ಮಿ.ಮೀ. ದಪ್ಪ, 5 ಮೀಟರ್. ಅಂಗಡಿಯ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಸುಮಾರು 160 ಡಿಗ್ರಿಗೆ, ನೈಲಾನ್ 220ರ ಆಸುಪಾಸಿಗೆ ಕರಗಿಹೋಗುತ್ತವೆ. ಅದಕ್ಕೂ ಮೊದಲೇ ಮೆತ್ತಗಾಗಿ ಗಂಟು ಜಾರುತ್ತದೆ. ನಾರಿನ ಹಗ್ಗವನ್ನು ಕಟ್ಟುವ ಮೊದಲು ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಮೆದುವಾಗುತ್ತದೆ.

ಕಟ್ಟುವ ಕ್ರಮ ಹೀಗೆ. ಮೂರೂ ಗಳಗಳನ್ನು ನೆಲದ ಮೇಲೆ ಒಂದರ ಪಕ್ಕ ಒಂದು, ಬುಡ ಸಮನಾಗಿ ಮಲಗಿಸಿ. ಸಂದಿ ಒಂದೊಂದು ಬೆರಳಷ್ಟು ಇರಲಿ. ಹೊರಗಿನ ಒಂದು ಗಳಕ್ಕೆ ಹಗ್ಗವನ್ನು ಎರಡು ಸುತ್ತು ಹಾಕಿ, ಎರಡನೇ ಸುತ್ತಿನ ಅಡಿಯಲ್ಲಿ ತುದಿ ತೂರಿಸಿ ಬಿಗಿಯಿರಿ. ಮುಂದೆ ಚಾಪೆ ಹೆಣೆದ ಹಾಗೆ: ಮೊದಲನೆಯದರ ಮೇಲೆ, ಎರಡನೆಯದರ ಕೆಳಗೆ, ಮೂರನೆಯದರ ಮೇಲೆ. ಸುತ್ತಿ ಹಿಂದಕ್ಕೆ ಬರುವಾಗ ಅದರ ತದ್ವಿರುದ್ಧ. ಹೀಗೆ ಆರು ಸಾಲು. ಆಮೇಲೆ ಗಳಗಳ ನಡುವಿನ ಎರಡೂ ಸಂದಿಯಲ್ಲಿ ಹಗ್ಗವನ್ನು ಅಡ್ಡಡ್ಡ ಎರಡೆರಡು ಸುತ್ತು ಹಾಕಿ ಹೆಣಿಗೆಯನ್ನು ಹಿಸುಕಿ, ಕೊನೆಗೆ ಇನ್ನೊಂದು ಹೊರಗಿನ ಗಳಕ್ಕೆ ಮೊದಲಿನದೇ ಗಂಟು.

ಇಲ್ಲಿ ಬಹಳ ಜನ ತಪ್ಪುವುದು ಬಿಗಿಯಲ್ಲಿ. ಮಲಗಿಸಿದಾಗಲೇ ಬಲ ಹಾಕಿ ಬಿಗಿದರೆ ನಿಲ್ಲಿಸುವಾಗ ಕಾಲು ಅಗಲುವುದಿಲ್ಲ. ಒತ್ತಿ ಅಗಲಿಸಿದರೆ ಹಗ್ಗ ಹರಿಯುತ್ತದೆ, ಇಲ್ಲವೇ ಗಳ ಸೀಳುತ್ತದೆ. ಹೆಣಿಗೆ ಸಾಧಾರಣ ಬಿಗಿ ಇರಲಿ. ಕಾಲು ಅಗಲಿಸಿದಾಗ ಗಳಗಳು ಒಂದಕ್ಕೊಂದು ಅಡ್ಡ ತಿರುಗಿ ತಾವೇ ಬಿಗಿಯಾಗುತ್ತವೆ. ನಡುವಿನ ಗಳವನ್ನು ಒಂದು ಕಡೆಗೆ, ಹೊರಗಿನ ಎರಡನ್ನು ಇನ್ನೊಂದು ಕಡೆಗೆ ತೆಗೆಯಿರಿ.

ಸರಪಳಿಯನ್ನು ಹಗ್ಗಕ್ಕೆ ಸಿಕ್ಕಿಸಬೇಡಿ. ಮೂರು ಗಳ ಕೂಡುವ ಕವಲಿಗೆ ದಪ್ಪ ತಂತಿಯನ್ನು ಎರಡು ಸುತ್ತು ಹಾಕಿ, ಅದಕ್ಕೆ ಕೊಕ್ಕಿ ಹಾಕಿ. ಹಗ್ಗ ಸುಟ್ಟರೂ ಭಾರ ಕವಲಿನ ಮೇಲೆ ಉಳಿಯುತ್ತದೆ, ಓಡಿಬಂದು ಪಾತ್ರೆ ಇಳಿಸುವಷ್ಟು ಸಮಯ ಸಿಗುತ್ತದೆ.

ಎರೆ ನೆಲಕ್ಕೆ: ಪ್ರತಿ ಗಳದ ಬುಡಕ್ಕೂ 15 ಸೆಂ.ಮೀ. ಕುಣಿ ತೋಡಿ, ತಳದಲ್ಲಿ ಅಂಗೈಯಗಲದ ಚಪ್ಪಟೆ ಕಲ್ಲಿಟ್ಟು, ಗಳ ಇಳಿಸಿ ಸುತ್ತ ಮಣ್ಣು ತುಳಿಯಿರಿ. ಬಿರುಕಿನ ಅಂಚಿನಲ್ಲಿ ಕಾಲು ಬಂದರೆ ಇಡೀ ಸ್ಟ್ಯಾಂಡನ್ನೇ ಒಂದು ಗೇಣು ತಿರುಗಿಸಿ. ಬಿರುಕಿಗೆ ಮಣ್ಣು ತುಂಬಿ ಅದರ ಮೇಲೆ ನಿಲ್ಲಿಸಿದರೆ ಭಾರ ಬಿದ್ದಾಗ ಮತ್ತೆ ಇಳಿಯುತ್ತದೆ.

ಬೀದರಿನ ಕೆಂಪು ಕಲ್ಲಿನ ನೆಲ, ಫರಸಿ ಹಾಸಿದ ಅಂಗಳ ಇಂಥ ಕಡೆ ಮೊನೆ ಇಳಿಯುವುದಿಲ್ಲ, ಕಾಲು ಹೊರಗೆ ಜಾರುತ್ತದೆ. ಅಲ್ಲಿ ನೆಲದಿಂದ ಒಂದು ಗೇಣು ಮೇಲೆ ಮೂರೂ ಕಾಲುಗಳನ್ನು ಸುತ್ತಿ ತಂತಿ ಕಟ್ಟಿ ತ್ರಿಕೋನ ಮಾಡಿ. ಕಟ್ಟಡದ ಸರಳು ಕಟ್ಟುವ ಕರಿ ತಂತಿಯೇ ಸಾಕು, ಮೂರು ಎಳೆ ತಿರುವಿ.

ಪಾತ್ರೆ ಹಾಕುವ ಮೊದಲು ಪರೀಕ್ಷೆ: ಸರಪಳಿಗೆ ನೀರು ತುಂಬಿದ 15 ಲೀಟರಿನ ಕೊಡ ಕಟ್ಟಿ, ಐದು ನಿಮಿಷ ಬಿಟ್ಟು, ಮೆಲ್ಲಗೆ ತೂಗಿ ನೋಡಿ. ಇಳಿಯುವ ಕಾಲು ಆಗಲೇ ಇಳಿಯಲಿ. ಕೆಳಗೆ ಬೆಂಕಿ ಇಲ್ಲದಾಗ ಬಿದ್ದರೆ ನಷ್ಟವೇನಿಲ್ಲ.


ಒಲಿಮುಂದ (ಸೇಡಂ)

ಇಬ್ಬರೂ ಅಣ್ಣಾರು ಸ್ಟ್ಯಾಂಡ್ ನಿಲ್ಲಸೂದು ಹೇಳ್ಯಾರ. ಅದರ ಕೆಳಗಿನ ಬೆಂಕಿ ಮತ್ತ ಪಾತ್ರ್ಯಾಗಿನ ಅಡಗಿ ನಾ ಹೇಳ್ತೀನಿ.

ಮೊದಲಿಗೆ ಒಂದು ಮಾತು. ತೂಗಹಾಕಿದ ಪಾತ್ರ್ಯಾಗ ತೆಳ್ಳಗ ಕುದಿಯೂ ಅಡಗಿ ಮಾಡಬೇಕು: ಅನ್ನ, ಸಾರು, ಚಹಾ, ಬಿಸಿನೀರು. ಗಟ್ಟಿ ಇದ್ದದ್ದು, ಒಂದೇ ಸಮ ತಿರುವಬೇಕಾದದ್ದು, ಅಂದ್ರ ಭಜ್ಜಿ, ಝುಣಕ, ಶಿರಾ ಇವು ಬ್ಯಾಡ. ಸೌಟು ಒತ್ತಿ ತಿರುವಿದ್ರ ಪಾತ್ರೆನೂ ಸೌಟಿನ ಸಂಗಟ ತಿರಗತದ, ತಳ ಹತ್ತೂದು ತಪ್ಪೂದಿಲ್ಲ. ರೊಟ್ಟಿ ಹಂಚು ಸಹ ಹಂಗೇ. ಭಜ್ಜಿ ಮನ್ಯಾಗ ಮಾಡಿ ಒಯ್ಯೂದು ನಿಮ್ಮ ವಿಚಾರ ಸರಿ ಅದ. ಅಲ್ಲಿ ಬಿಸಿ ಮಾಡಬೇಕಂದ್ರ ಬಾಜೂಕ ಮೂರು ಕಲ್ಲಿನ ಒಲಿ ಇಟ್ಟು ಮಾಡ್ರಿ.

ಬೆಂಕಿಗಿ 45 ಸೆಂ.ಮೀ. ಅಗಲ, 15 ಸೆಂ.ಮೀ. ಆಳದ ಕುಣಿ ತೋಡ್ರಿ. ತೋಡಿದ ಮಣ್ಣು ಗಾಳಿ ಬರೂ ಕಡೆ ಒಡ್ಡು ಹಾಕ್ರಿ, ಆರಸಲಿಕ್ಕೆ ಅದೇ ಮಣ್ಣು ಕೆಲಸಕ್ಕ ಬರ್ತದ. ಕುಣಿ ಸ್ಟ್ಯಾಂಡಿನ ನಟ್ಟನಡುವ ಇರಬೇಕು. ಸರಪಳಿ ತುದಿಗಿ ಒಂದು ಕಲ್ಲು ಕಟ್ಟಿ ಇಳಿಬಿಟ್ಟರ ನಡುವು ತಾನೇ ಗೊತ್ತಾಗ್ತದ. ಅದಕ್ಕ ಸ್ಟ್ಯಾಂಡ್ ಮೊದಲ, ಕುಣಿ ಆಮ್ಯಾಲ.

ಉರುವಲ ಎರಡು ಥರದ್ದು ಬೇಕು. ತೊಗರಿ ಕಟಗಿ, ಹತ್ತಿ ಕಟಗಿ ಭರ್ರಂತ ಉರೀತಾವ, ನೀರು ಕುದಿ ಬರಲಿಕ್ಕೆ ಭೇಷ್, ಆದ್ರ ಕೆಂಡ ಉಳಿಯೂದಿಲ್ಲ. ಬೇಯಸಲಿಕ್ಕೆ ಜಾಲಿ ಕಟಗಿ, ಕೈ ಮಣಿಕಟ್ಟಿನಷ್ಟು ದಪ್ಪ, ಸೀಳಿದ್ದು. ಸಾರು, ಅನ್ನ, ಎರಡು ಸಲ ಚಹಾಕ್ಕ ಜಾಲಿ 8–10 ಕೆಜಿ, ತೊಗರಿ ಕಟಗಿ ಎರಡು ಹೊರಿ ಇಟ್ಟುಕೊಂಡ್ರ ನಡುವ ಹುಡಕಲಿಕ್ಕೆ ಹೋಗೂದು ತಪ್ಪತದ. ಅನ್ನ ಉಮ್ಮಗಿಸಲಿಕ್ಕೆ ನಾಲ್ಕು ಕುಳ್ಳು ಇದ್ರ ಇನ್ನ ಛಲೋ.

ಎತ್ತರ ಹಿಂಗ: ಕುದಿ ಬರೂತನ ಪಾತ್ರೆ ತಳ ಕಟಗಿ ಮ್ಯಾಲಿಂದ 20–25 ಸೆಂ.ಮೀ., ಒಂದು ಗೇಣು ಅನ್ರಿ. ಉರಿ ತುದಿ ತಳಕ್ಕ ತಾಗಬೇಕು, ಮಗ್ಗಲಾ ಹತ್ತಿ ಮ್ಯಾಲ ಬರಬಾರದು. ಮ್ಯಾಲ ಬಂದ ಉರಿ ಪಾತ್ರೆ ಕಾಸೂದಿಲ್ಲ, ಸರಪಳಿ ಕಾಸ್ತದ. ಕುದಿ ಬಂದ ಮ್ಯಾಲ ಎರಡು ಗೇಣಿಗಿ ಏರಸ್ರಿ. ಅಂಗೈ ಪಾತ್ರೆ ತಳದ ಮಟ್ಟದಾಗ ಬಾಜೂಕ ಹಿಡಿದು ನೋಡ್ರಿ: 2–3 ಎಣಸೂದ್ರಾಗ ಕೈ ಹಿಂದ ಬಂತಂದ್ರ ಕುದಿಸೂ ಬೆಂಕಿ, 6–7ರತನ ತಡದ್ರ ಉಮ್ಮಗಿಸೂ ಬೆಂಕಿ. ಏರಸಲಿಕ್ಕೆ ಕೊಕ್ಕಿ ಬಿಚ್ಚಿ ಸರಪಳಿಯ ಬ್ಯಾರೆ ಕಡಿಗಿ ಹಾಕೂದು ಒಬ್ಬರ ಕೆಲಸ ಅಲ್ಲ. ಒಬ್ಬರು ಬಟ್ಟಿ ಹಿಡಿದು ಪಾತ್ರೆ ಎತ್ತಬೇಕು, ಇನ್ನೊಬ್ಬರು ಕೊಕ್ಕಿ ಹಾಕಬೇಕು. ನೈಲಾನ್ ಸೀರಿ ಉಟ್ಟವರು ಈ ಕೆಲಸಕ್ಕ ಬರಬಾರದು.

ಬ್ಯಾಳಿ: 15 ಮಂದಿಗೆ 600 ಗ್ರಾಂ. ಅರ್ಧ ತಾಸು ನೆನಸಿ, 2.5 ಲೀಟರ್ ನೀರು, ಒಂದು ಚಮಚ ಎಣ್ಣಿ, ಅರಿಷಿಣ. ಎಣ್ಣಿ ಹಾಕಿದ್ರ ನೊರಿ ಉಕ್ಕೂದಿಲ್ಲ, ಉಕ್ಕಿ ಬೆಂಕಿ ಆರೂದಿಲ್ಲ. ಮುಚ್ಚಳ ವಾರಿ ಇಟ್ಟು 45–50 ನಿಮಿಷ. ಹುಣಸಿ, ಉಪ್ಪು ಬ್ಯಾಳಿ ಮೆತ್ತಗಾದ ಮ್ಯಾಲ. ನೀರಿನ ಬಗ್ಗಿ ಲಕ್ಷ್ಯ ಇರಲಿ. ನಮ್ಮ ಸೇಡಂ, ಚಿತ್ತಾಪುರ ಕಡೆ ಸುಣ್ಣದ ಕಲ್ಲಿನ ನೆಲದ ಬೋರ್ ನೀರು ಗಡಸು, ಆ ನೀರಿನ್ಯಾಗ ಬ್ಯಾಳಿ ಒಂದೂವರೆ ತಾಸು ಕುದ್ದರೂ ಕಾಳು ಕಾಳು ಉಳೀತದ. ಬೆಂಕಿ ಕಮ್ಮಿ ಆಯ್ತಂತ ಕಟಗಿ ಒಟ್ಟಕೋತ ಹೋಗ್ತಾರ, ತಪ್ಪು ಬೆಂಕಿದಲ್ಲ, ನೀರಿಂದು. ಕುಡಿಯೂ ಫಿಲ್ಟರ್ ನೀರು ಮನಿಯಿಂದ ಒಯ್ರಿ. ಇಲ್ಲಾಂದ್ರ ಕಾಲು ಚಮಚ ಅಡಗಿ ಸೋಡಾ, ಅದಕಿಂತ ಜಾಸ್ತಿ ಬ್ಯಾಡ, ರುಚಿ ಕೆಡ್ತದ. ಬೆಂದ ಮ್ಯಾಲ ಕಡದು, 3 ಲೀಟರ್ ಬಿಸಿನೀರು ಬೆರಸಿ ಸಾರು ಕುದಸ್ರಿ. ಒಗ್ಗರಣಿ ಬ್ಯಾರೆ ಸಣ್ಣ ಪಾತ್ರ್ಯಾಗ, ಮೂರು ಕಲ್ಲಿನ ಒಲಿ ಮ್ಯಾಲ. ತೂಗೂ ಪಾತ್ರ್ಯಾಗ ಬರೇ ಎಣ್ಣಿ ಕಾಸಬ್ಯಾಡ್ರಿ.

ಅನ್ನ: ಅಕ್ಕಿ 1.5 ಕೆಜಿ, ನೀರು 4 ಲೀಟರ್ ಮೊದಲ ಕುದಿಸಿ, ಆಮ್ಯಾಲ ಅಕ್ಕಿ. ನೀರು ಅಕ್ಕಿ ಮಟ್ಟಕ್ಕ ಇಳಿದ ಕೂಡ್ಲೆ ಉರಿಯೂ ಕಟಗಿ ಎಲ್ಲಾ ಹೊರಗ ಎಳದು, ಬರೇ ಕೆಂಡದ ಮ್ಯಾಲ ಎರಡು ಗೇಣು ಎತ್ತರದಾಗ 12–15 ನಿಮಿಷ.

ಪಾತ್ರೆ ಹೊರಗಿನ ತಳಕ್ಕ ಮೊದಲೇ ಬೂದಿ-ಮಣ್ಣು ಕಲಸಿ ತೆಳ್ಳಗ ಸವರ್ರಿ. ಮಸಿ ಅದಕ್ಕ ಹತ್ತತದ, ತೊಳೀವಾಗ ಮಣ್ಣಿನ ಸಂಗಟ ಉದರತದ. ಅಲ್ಯೂಮಿನಿಯಂ ಬೋಗಾಣಿ ಇದ್ರ ಖಾಲಿ ಅಥವಾ ನೀರು ಬತ್ತಿದ್ದು ಉರಿ ಮ್ಯಾಲ ಬಿಡಬ್ಯಾಡ್ರಿ, ಅದು 660 ಡಿಗ್ರಿಗೆ ಕರಗತದ, ಜಾಲಿ ಕೆಂಡದ ಬಿಸಿ ಅದಕಿಂತ ಜಾಸ್ತಿ. ಕುಕ್ಕರ್ ಅಂತೂ ತೂಗಹಾಕಲೇಬಾರದು. ತೂಗಾಡಿದ್ರ ಸೀಟಿ ಸರಿ ಬಿಡೂದಿಲ್ಲ, ರಬ್ಬರಿಗಿ ಉರಿ ತಾಗತದ.


ಎರೆಹೊಲ (ಚಿಂಚೋಳಿ)

ಭಾಳ ಉಪಕಾರ ಆಯ್ತ್ರಿ ಅಣ್ಣಾರ, ಅಕ್ಕಾರ. ಕಬ್ಬಿಣದ್ದೇ ಮಾಡಸ್ತೀನಿ. ಇನ್ನ ಎರಡು ಕೇಳೂದದ. ಮನ್ಯಾಗ ಶಹಾಬಾದ್ ಫರಸಿ ತುಂಡು ಬಿದ್ದಾವ, ಅವನ್ನ ಕುಣಿ ತಳಕ್ಕ ಹಾಸಿ, ಮೂರು ಕಲ್ಲಿನ ಒಲಿಗೂ ಅವನ್ನೇ ಇಡಬಹುದಾ? ಮತ್ತ ಮುಂಜಾನಿ ಮೂಡಗಾಳಿ ಜೋರು ಇರ್ತದ, ಮೂರು ಕಾಲಿನ್ಯಾಗ ಯಾವ ಕಾಲು ಯಾವ ದಿಕ್ಕಿಗೆ ಅಂತ ಏನರ ಅದ ಏನು?


ಒಲಿಮುಂದ (ಸೇಡಂ)

ಫರಸಿ ಬೆಂಕಿಗಿ ಬ್ಯಾಡ್ರಿ, ಬ್ಯಾಡೇ ಬ್ಯಾಡ. ಅದು ಪದರು ಪದರಿನ ಸುಣ್ಣದ ಕಲ್ಲು. ಪದರಿನ ನಡುವ ತೇವ ಇರ್ತದ, ಕಾದ್ರ ಆವಿ ಆಗಿ ಮ್ಯಾಲಿನ ಪದರು ಚಟ್ಟಂತ ಹಾರ್ತದ. ಅಲಗಿನಂಥಾ ಚೂರು ಮಾರಿಗಿ ಬಡೀತದ. ಸಣ್ಣ ಮಕ್ಕಳು ಬೆಂಕಿ ಸುತ್ತ ಕುಂತಿರ್ತಾವ, ಅವರ ಮಾರಿ ಸರಿಯಾಗಿ ಕಲ್ಲಿನ ಮಟ್ಟಕ್ಕ ಇರ್ತದ. ಹೊಳಿಯಿಂದ ತಂದ ನುಣ್ಣನ ಗುಂಡುಗಲ್ಲು ಸೈತ ಹಂಗೇ, ಒಳಗ ನೀರು ಕುಡದಿರ್ತದ. ಹೊಲದ ಬದುವಿನ್ಯಾಗ ವರ್ಷಗಟ್ಟಲೆ ಬಿಸಲಾಗ ಬಿದ್ದ ಕರಿ ಕಲ್ಲು ಆರಸ್ರಿ, ಅವೂ ಮೊದಲ ಸಣ್ಣ ಬೆಂಕ್ಯಾಗ ಅರ್ಧ ತಾಸು ಕಾಯಲಿ, ಆವಾಗ ಎಲ್ಲಾರೂ ದೂರ ಇರ್ರಿ. ಫರಸಿ ತುಂಡು ಕಟಗಿ ಗಳದ ಸ್ಟ್ಯಾಂಡ್ ಇದ್ರ ಕಾಲಿನ ಕುಣ್ಯಾಗ ಗಳದ ಬುಡಕ್ಕ ಇಡಬಹುದು, ಅಲ್ಲಿ ಬಿಸಿ ಹೋಗೂದಿಲ್ಲ. ಕುಣಿ ತಳಕ್ಕ ಏನೂ ಹಾಸೂದು ಬ್ಯಾಡ, ಎರೆ ಮಣ್ಣೇ ಸುಟ್ಟು ಗಟ್ಟಿ ಆಗ್ತದ.


ಹಗ್ಗಗಂಟು (ಯಾದಗಿರಿ)

ಗಾಳಿಯ ಪ್ರಶ್ನೆ ಒಳ್ಳೆಯದು. ಮೂರು ಕಾಲಿನ ಸ್ಟ್ಯಾಂಡ್ ಯಾವಾಗಲೂ ಎರಡು ಕಾಲುಗಳ ನಡುವಿನ ಗೆರೆಯ ಮೇಲಿಂದ ಮಗುಚುತ್ತದೆ. ಕಾಲಂತರ 1 ಮೀಟರ್ ಇದ್ದಾಗ ನಡುವಿನಿಂದ ಕಾಲಿಗೆ 58 ಸೆಂ.ಮೀ., ಆದರೆ ಎರಡು ಕಾಲುಗಳ ನಡುವಿನ ಗೆರೆಗೆ ಬರೀ 29. ಅಂದರೆ ಕಾಲಿರುವ ದಿಕ್ಕಿಗೆ ದೂಡಿದರೆ ಗಟ್ಟಿ, ಸಂದಿಯಿರುವ ದಿಕ್ಕಿಗೆ ದೂಡಿದರೆ ಅದರ ಅರ್ಧ ಮಾತ್ರ. ಮೂಡಗಾಳಿ ಪಡುವಣಕ್ಕೆ ದೂಡುತ್ತದೆ, ಆದ್ದರಿಂದ ಒಂದು ಕಾಲು ನೇರ ಪಡುವಣಕ್ಕೆ ಇರಲಿ. ಆಗ ಮೂಡಣಕ್ಕೆ ಸಂದಿ ಸಿಗುತ್ತದೆ. ಅಡುಗೆಯವರು ಅಲ್ಲಿ ಕೂತರೆ ಹೊಗೆ ಕಣ್ಣಿಗೆ ಬರುವುದಿಲ್ಲ, ಕಟ್ಟಿಗೆ ತಳ್ಳಲೂ ದಾರಿ ತೆರೆದಿರುತ್ತದೆ.


ಬೆಸುಗೆಬೀದರ್

ಹಗ್ಗಗಂಟು ಅವರ ಲೆಕ್ಕ ಬರೋಬರಿ ಅದ, ಆದ್ರ ಒಂದು ಉಳೀತು. ಬಡಸೂ ಮುಂದ ಎಲ್ಲಾರೂ ಪಾತ್ರೆ ತಮ್ಮ ಕಡೆ ಎಳಕೋತಾರ. ಕುಂತದ್ದು ಸಂದಿ ಕಡೆ, ಎಳಿಯೂದೂ ಸಂದಿ ಕಡೆ, ಅಂದ್ರ ಸ್ಟ್ಯಾಂಡಿನ ಅತೀ ದುರ್ಬಲ ದಿಕ್ಕಿಗೇ. 10 ಕೆಜಿ ಕುದಿಯೂ ಸಾರು ಎಳಿಯೂವರ ಮಡಲಾಗ ಬರ್ತದ. ಗಾಳಿಲೆ ಬೀಳೂದಕಿಂತ ಹಿಂಗ ಬೀಳೂದೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಅದಕ್ಕ ಪಾತ್ರೆ ಯಾವತ್ತೂ ಎಳೀಬಾರದು. ಬೆಂಕಿ ಹೊರಗ ಎಳೀರಿ, ಪಾತ್ರೆ ಅಲ್ಲೇ ಇರಲಿ, ಉದ್ದ ಹಿಡಿಕಿ ಸೌಟಿಲೆ ತಗೋರಿ. ಇಳಸಲೇಬೇಕಂದ್ರ ಇಬ್ಬರು ಎದುರಾಬದರಾ ನಿಂತು ನೆಟ್ಟಗ ಮ್ಯಾಲ ಎತ್ತಿ, ಮೂರನೇದವರು ಕೊಕ್ಕಿ ಬಿಡಿಸಿ, ಆಮ್ಯಾಲ ಹೊರಗ. ಎಳಿಯೂ ಚಟ ಬಿಡೂದಿಲ್ಲ ಅನ್ನೂವರು ಇದ್ರ, ಸಂದಿ ಕಡೆಯ ಎರಡೂ ಕಾಲಿನ ತಗಡಿನ ಮ್ಯಾಲ ಒಂದೊಂದು ಕಲ್ಲು ಹೇರೂದರಿಂದ ಉಪಯೋಗ ಇಲ್ಲ. ಎದುರಿನ ಒಂಟಿ ಕಾಲಿನ ಮ್ಯಾಲ ಹೇರಬೇಕು, ಮೊದಲ ಏಳೂದು ಅದೇ.


ಹಸಿರುಹಾದಿ

ಪ್ರಶ್ನೆ ಕೇಳಿದವರು ಬಾಜೂಕ ತೊಗರಿ ಒಣಗಿ ನಿಂತಿದೆ ಎಂದು ಬರೆದಿದ್ದಾರೆ. ಸ್ಟ್ಯಾಂಡಿನ ಅಳತೆಗಿಂತ ಮೊದಲು ಜಾಗದ ಅಳತೆ ಆಗಲಿ ಎಂದು ಕಳಕಳಿಯಿಂದ ಹೇಳುತ್ತೇನೆ. ಬೆಂಕಿಯ ಸುತ್ತ ಎಲ್ಲ ಕಡೆಗೂ 2 ಮೀಟರ್ ಬರೀ ಮಣ್ಣು ಕಾಣುವವರೆಗೆ ಕಸ, ಒಣ ಹುಲ್ಲು, ಉದುರಿದ ತೊಗರಿ ಎಲೆ ಕೆರೆಯಿರಿ. ತೊಗರಿ ಸಾಲು ಮತ್ತು ಪೂಜೆಗೆ ಹಾಕುವ ಜೋಳದ ದಂಟಿನ ಕೊಂಪಿಯಿಂದ ಕನಿಷ್ಠ 15 ಮೀಟರ್ ದೂರ, ಅದೂ ಗಾಳಿ ಅವುಗಳ ಕಡೆಯಿಂದ ನಿಮ್ಮ ಕಡೆ ಬೀಸುವಂತೆ ಜಾಗ ಹಿಡಿಯಿರಿ. ತೊಗರಿ ಕಟ್ಟಿಗೆಯ ಉರಿಯಿಂದ ಹಗುರ ಕಿಡಿ ಬಹಳ ಹಾರುತ್ತವೆ.

ಎರೆಯಲ್ಲಿ ಇನ್ನೊಂದು ಕಾಣದ ಅಪಾಯ ಬಿರುಕಿನದು. ಬಿರುಕಿನೊಳಗೆ ಒಣ ಎಲೆ, ಬೇರು ತುಂಬಿರುತ್ತವೆ. ಅದರಲ್ಲಿ ಬಿದ್ದ ಕೆಂಡ ಹೊಗೆಯೂ ಕಾಣದಂತೆ ತಾಸುಗಟ್ಟಲೆ ಮಿಣಮಿಣ ಉರಿದು ಬೇರೆ ಕಡೆ ಏಳಬಹುದು. ಕೆರೆದ ಜಾಗದ ಬಿರುಕುಗಳಿಗೆಲ್ಲ ಮೊದಲೇ ಸಡಿಲ ಮಣ್ಣು ತುಂಬಿ. ಕಾಲು ನಿಲ್ಲಿಸಲು ಈ ತುಂಬು ಸಾಲದು ಎಂದು ಮೇಲೆ ಹೇಳಿದ್ದಾರೆ, ಕಿಡಿ ತಡೆಯಲು ಸಾಕು. ಎರಡು ಕೊಡ ನೀರು ಬೆಂಕಿಗೆಂದೇ ಬೇರೆ ಇರಲಿ, ಅದರಿಂದ ಕೈ ತೊಳೆಯಬೇಡಿ.

ಆರಿಸುವಾಗ ಮಣ್ಣು ಮುಚ್ಚಿ ಹೋಗುವ ರೂಢಿ ಇದೆ. ಮಣ್ಣಿನಡಿ ಜಾಲಿ ಕೆಂಡ ಮರುದಿನದವರೆಗೂ ಬಿಸಿ ಉಳಿಯುತ್ತದೆ, ಬರಿಗಾಲಿನವರೂ ದನವೂ ತುಳಿಯುತ್ತವೆ. ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ನೀರು ಸುರಿದು, ಅಂಗೈಯ ಹಿಂಬದಿ ಹತ್ತಿರ ಹಿಡಿದು ಬಿಸಿ ತಾಗುವುದಿಲ್ಲ ಎಂದಾದ ಮೇಲೆ ಮಣ್ಣು ಎಳೆಯಿರಿ. ನೀರು ಸುರಿಯುವಾಗ ಗಾಳಿ ಬರುವ ಕಡೆ ನಿಲ್ಲಿ, ಆವಿ ಕಾಲು ಸುಡುತ್ತದೆ.

ಚಿಂಚೋಳಿಯವರು ಎಂದು ಕಂಡಿದ್ದಕ್ಕೆ ಇದೂ ಇರಲಿ: ಇದೆಲ್ಲ ನಿಮ್ಮ ಸ್ವಂತ ಹೊಲದ ಮಾತು. ಊಟ ಮುಗಿಸಿ ವನ್ಯಜೀವಿ ಧಾಮದೊಳಗಿನ ಚಂದ್ರಂಪಳ್ಳಿ ಕಡೆ ಹೋಗಿ ಅಲ್ಲೇ ಚಹಾ ಕಾಯಿಸೋಣ ಎಂದುಕೊಳ್ಳಬೇಡಿ. ವನ್ಯಜೀವಿ ಧಾಮದೊಳಗೆ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು, ಉರಿಯುತ್ತಿರುವುದನ್ನು ಬಿಟ್ಟು ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನಡಿ ನಿಷಿದ್ಧ. ಅಲ್ಲಿಗೆ ಹೋಗುವುದಾದರೆ ಥರ್ಮಾಸಿನಲ್ಲಿ ಒಯ್ಯಿರಿ.


ಎರೆಹೊಲ (ಚಿಂಚೋಳಿ)

ಥರ್ಮಾಸ್ ಎರಡು ಅವ, ಹಂಗೇ ಮಾಡ್ತೀವ್ರಿ. ತಗಡು ಓರೆ ಬೆಸಿಯೂದು, ಮೂರು ಸರಪಳಿ ನೆಲುವು, ಒಂದು ಕಾಲು ಪಡುವಣಕ್ಕ, ಎಲ್ಲಾ ಬರಕೊಂಡೀನಿ. ಕೊನೀದೊಂದು: ಎರಡು ಕಿವಿ ಇರೂ ಕಡಾಯಿ ಇದೇ ನೆಲುವಿನ್ಯಾಗ ಕುಂದ್ರತದೇನು?


ಬೆಸುಗೆಬೀದರ್

ಕುಂದ್ರತದ, ಬಳಿ ಕಡಾಯಿ ಬಾಯಿಕಿಂತ 4–5 ಸೆಂ.ಮೀ. ಸಣ್ಣದಿದ್ರ. ಕಡಾಯಿ ತಳಕ್ಕ ಹೋದಂಗ ಸಣ್ಣಾಗ್ತದ, ಬಳ್ಯಾಗ ತಾನೇ ಸಿಕ್ಕಿ ನಿಂದ್ರತದ. ಕಿವಿಗಿ ಸರಪಳಿ ಹಾಕಬ್ಯಾಡ್ರಿ. ಮತ್ತ ಬೋಗಾಣಿ, ಕಡಾಯಿ ಎರಡನ್ನೂ ಅಂಗಡಿಗಿ ಒಯ್ದು, ಬಳ್ಯಾಗ ಇಳಿಸಿ ನೋಡಿದ ಮ್ಯಾಲೇ ಬಳಿ ಬಾಯಿ ಬೆಸೀಲಿಕ್ಕೆ ಹೇಳ್ರಿ. ಎರಡಕ್ಕೂ ಒಂದೇ ಬಳಿ ಹೊಂದಲಿಲ್ಲಂದ್ರ ಇನ್ನೊಂದು ಬಳಿ ಮಾಡಸ್ರಿ, ಮೂರೂ ಸರಪಳಿ ಕೆಳಗ ಕೊಕ್ಕಿಲೆ ಬಿಚ್ಚೂ ಹಂಗ ಇಟ್ಟರ ಬಳಿ ಬದಲಿ ಮಾಡಲಿಕ್ಕೆ ಒಂದು ನಿಮಿಷ ಸಾಕು.